ಪ್ಯಾರೀಸ್ ಕಾರ್ನರ್‌ನಲ್ಲಿ ಒಂದಿಷ್ಟು ಜಾಗ

ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ಬಸ್ಸಿಳಿದವರು ಮೊದಲು ಹುಡುಕುವುದು ಕಾಲಿಡಲು ಜಾಗ. ಒಂದು ಬದಿಗೆ ಹೈಕೋರ್ಟಿನ ಕೆಂಪು ಗುಮ್ಮಟಗಳು, ಎದುರಿಗೆ ಪ್ಯಾರಿ ಕಂಪನಿಯ ಡೇರ್ ಹೌಸ್, ನಡುವೆ ಬಸ್ಸು, ತಳ್ಳುಗಾಡಿ, ಹಣ್ಣಿನ ಬುಟ್ಟಿ, ವಕೀಲರ ಕಪ್ಪು ಕೋಟು. 1788ರಲ್ಲಿ ಮದರಾಸಿಗೆ ಬಂದ ವೇಲ್ಸ್‌ನ ವ್ಯಾಪಾರಿ ಥಾಮಸ್ ಪ್ಯಾರಿಯ ಹೆಸರು ಈ ಮೂಲೆಗೆ ಅಂಟಿಕೊಂಡಿದೆ. ಅಂದಿನಿಂದಲೂ ಇದು ಕೆಲಸ ಅರಸಿ ಬಂದವರ ಅಡ್ಡೆ. ಉಡುಪಿ ಕಡೆಯಿಂದ ಬಂದು ಮುಂದೆ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕೃಷ್ಣ ರಾಯರೂ ಮದರಾಸಿನ ಬದುಕು ಶುರುಮಾಡಿದ್ದು ಈ ಮೂಲೆಯಿರುವ ಜಾರ್ಜ್ ಟೌನಿನ ಅಡುಗೆಮನೆಗಳಲ್ಲಿ.

ಎಲ್ಲರಿಗೂ ಹಾಗೆ ಮೇಲೇರುವ ಅವಕಾಶ ಸಿಗಲಿಲ್ಲ. ಕಾಲು ಸ್ವಾಧೀನವಿಲ್ಲದವರು, ಕಣ್ಣು ಕಾಣದವರು, ಊರು ಬಿಟ್ಟು ಬರಿಗೈಯಲ್ಲಿ ಬಂದವರು ದುಡಿಯಲು ಸರ್ಕಾರವಾಗಲಿ ನಗರಸಭೆಯಾಗಲಿ ಏನು ಕೊಡಬಹುದು? ಕಾರ್ಡು, ಪಿಂಚಣಿ, ತರಬೇತಿ ಎಲ್ಲ ಸರಿ. ಆದರೆ ಪ್ಯಾರೀಸ್ ಕಾರ್ನರ್‌ನ ಚರಿತ್ರೆ ನೋಡಿದರೆ ಬಹುಕಾಲ ಬಾಳಿಕೆ ಬಂದ ನೆರವು ಒಂದೇ: ಕೂತು ವ್ಯಾಪಾರ ಮಾಡಲು ಒಂದಿಷ್ಟು ಜಾಗ.

ಬರ್ಮಾ ಬಜಾರ್ ಅದಕ್ಕೆ ಕಣ್ಣೆದುರಿನ ಸಾಕ್ಷಿ. 1962ರಲ್ಲಿ ಬರ್ಮಾದಲ್ಲಿ ನೆ ವಿನ್ ಅಧಿಕಾರ ಹಿಡಿದು ಅಂಗಡಿ ಮುಂಗಟ್ಟುಗಳನ್ನು ರಾಷ್ಟ್ರೀಕರಣ ಮಾಡಿದ ಮೇಲೆ ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ತಮಿಳರು ಹಡಗು ಹತ್ತಿ ಮದರಾಸು ಬಂದರಿನಲ್ಲಿ ಇಳಿದರು. ಕೈಯಲ್ಲಿ ಕಾಸಿಲ್ಲ, ಊರಿನಲ್ಲಿ ಪರಿಚಯವಿಲ್ಲ. 1969ರಲ್ಲಿ ಸರ್ಕಾರ ಅವರಿಗಾಗಿ ಬೀಚ್ ಸ್ಟೇಷನ್ನಿನ ಹತ್ತಿರ ರಸ್ತೆಯಂಚಿನಲ್ಲಿ ಸಣ್ಣ ಸಣ್ಣ ಅಂಗಡಿಗಳಿಗೆ ಅನುವು ಮಾಡಿಕೊಟ್ಟಿತು. ಮೈ ತಿರುಗಿಸಲೂ ಆಗದಷ್ಟು ಇಕ್ಕಟ್ಟಿನ ಆ ಗೂಡುಗಳಲ್ಲಿ ಟ್ರಾನ್ಸಿಸ್ಟರು, ಸೆಂಟು, ಕ್ಯಾಮೆರಾ, ಮುಂದೆ ಸಿಡಿ, ಈಗ ಮೊಬೈಲು ಬಿಡಿಭಾಗ ಮಾರಾಟವಾಗಿವೆ. ಬಂದರಿನ ತೆರಿಗೆ ತಪ್ಪಿಸಿ ಬಂದ ಮಾಲಿನ ಕಥೆಗಳೂ ಬಜಾರಿನ ಕೀರ್ತಿಯಲ್ಲಿ ಪಾಲು ಪಡೆದಿವೆ ಅನ್ನಿ. ಪಕ್ಕದ ಬೀದಿಗಳಲ್ಲಿ ಇಂದಿಗೂ ತಟ್ಟೆಗೆ ಬೀಳುವ ಬರ್ಮಾದ ಅತ್ತೋ ನೂಡಲ್ಸ್ ಅದೇ ನಿರಾಶ್ರಿತರ ಅಡುಗೆ. ಯಾವ ತರಬೇತಿ ಕೇಂದ್ರವೂ ಇಷ್ಟು ಸಂಸಾರಗಳನ್ನು ಇಷ್ಟು ವರ್ಷ ಸಾಕಿರಲಿಕ್ಕಿಲ್ಲ.

ಅಂಗವಿಕಲರ ಪಾಲಿಗೆ ಇಂಥದೇ ಗೂಡಾಗಿದ್ದದ್ದು ಎಸ್‌ಟಿಡಿ ಬೂತ್. ದೂರವಾಣಿ ಇಲಾಖೆ ಹಂಚಿಕೆಯಲ್ಲಿ ಅವರಿಗೆ ಆದ್ಯತೆ ಕೊಟ್ಟಿದ್ದರಿಂದ ದೇಶದ ಬಸ್ ನಿಲ್ದಾಣ, ಕೋರ್ಟು, ಆಸ್ಪತ್ರೆಗಳ ಬಾಗಿಲಲ್ಲಿ ಊರುಗೋಲು ಪಕ್ಕಕ್ಕಿಟ್ಟು ಮೀಟರು ನೋಡುತ್ತ ಕೂತವರು ಕಾಣುತ್ತಿದ್ದರು. ಮೊಬೈಲು ಬಂತು, ಬೂತು ಹೋಯಿತು. ಕೆಲವರು ಅದೇ ಗೂಡಿನಲ್ಲಿ ಜೆರಾಕ್ಸ್ ಯಂತ್ರ ಇಟ್ಟರು, ಬೀಡಾ ಮಾರಿದರು. ಉಳಿದವರಿಗೆ ಬೇರೆ ದಾರಿಯನ್ನು ಯಾರೂ ಯೋಚಿಸಿರಲಿಲ್ಲ.

ಕಾನೂನು ಈಗ ಈ ಜಾಗವನ್ನು ಹಕ್ಕಿನ ಭಾಷೆಯಲ್ಲಿ ಬರೆದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು, ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಿಟ್ಟಿತು. ಅದರ 37ನೇ ಕಲಮಿನ ಸುದ್ದಿ ಅಷ್ಟಾಗಿ ಕೇಳಿಬರುವುದಿಲ್ಲ. ವ್ಯಾಪಾರ, ಉದ್ಯಮಕ್ಕೆಂದು ರಿಯಾಯಿತಿ ದರದಲ್ಲಿ ಭೂಮಿ ಹಂಚುವಾಗ ಶೇ. 5 ಇವರಿಗೆ ಸಿಗಬೇಕೆನ್ನುವುದು ಆ ಕಲಮು. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಅದರಂತೆ ಪ್ರತಿ ನಗರದ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅಂಗವಿಕಲರಿಗೂ ಪ್ರಾತಿನಿಧ್ಯ ಇರಬೇಕು. ಪಾಲಿಕೆ ಕೊಡುವ ಗುರುತಿನ ಚೀಟಿ ಇದ್ದರೆ 2020ರಲ್ಲಿ ಬಂದ ಪಿಎಂ ಸ್ವನಿಧಿಯಲ್ಲಿ ಮೊದಲ ಕಂತಿಗೆ ಹತ್ತು ಸಾವಿರ ರೂಪಾಯಿ ಸಾಲಕ್ಕೆ ಅರ್ಜಿ ಹಾಕಬಹುದಿತ್ತು. ಆದರೆ ಫುಟ್‌ಪಾತ್ ನಡೆಯುವವರದೋ ಮಾರುವವರದೋ ಎಂಬ ಜಗಳ ಇದೇ ಮೂಲೆಯ ಎನ್‌ಎಸ್‌ಸಿ ಬೋಸ್ ರಸ್ತೆಯಲ್ಲಿ ಮುಗಿದಿಲ್ಲ. ಇಬ್ಬರ ಗದ್ದಲದ ನಡುವೆ ಗಾಲಿಕುರ್ಚಿಯವರು ರಸ್ತೆಗೇ ಇಳಿಯಬೇಕು.

ಗಾಲಿಕುರ್ಚಿಯಲ್ಲಿ ಕೆಲಸಕ್ಕೆ ಬರುವವರಿಗೆ ಬಸ್ಸೂ ಬೇಕಲ್ಲ. ತಗ್ಗು ನೆಲದ ಬಸ್ಸುಗಳಿಗಾಗಿ ನಡೆದ ಹೋರಾಟ ಇದೇ ಮೂಲೆಯ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಿತು. 2024ರ ಆಗಸ್ಟಿನಲ್ಲಿ ಹೊಸ ಬಸ್ಸುಗಳು ರಸ್ತೆಗಿಳಿದವು. ಅದಕ್ಕೂ ಮೊದಲು, 2022ರ ನವೆಂಬರಿನಲ್ಲಿ, ಚೆನ್ನೈ ಪಾಲಿಕೆ ಗಾಲಿಕುರ್ಚಿಯವರಿಗಾಗಿ ಮರೀನಾ ಕಡಲತೀರದ ಮರಳಿನ ಮೇಲೆ 263 ಮೀಟರ್ ಉದ್ದದ ಮರದ ಹಾದಿ ಹಾಸಿತು. ಅಲೆಯನ್ನು ಹತ್ತಿರದಿಂದ ಎಂದೂ ಕಾಣದವರು ಅದರ ಮೇಲೆ ಗಾಲಿ ಉರುಳಿಸಿಕೊಂಡು ಹೋದರು. ಕೆಲವೇ ದಿನಗಳಲ್ಲಿ ಮ್ಯಾಂಡಸ್ ಚಂಡಮಾರುತ ಹಾದಿಯನ್ನು ಹಾಳುಗೆಡವಿತು. ಪಾಲಿಕೆ ರಿಪೇರಿ ಮಾಡಿಸಿತು.

1688ರಿಂದ ಕೆಲಸ ಮಾಡುತ್ತಿರುವ ಈ ಪಾಲಿಕೆ ದೇಶದಲ್ಲೇ ಅತಿ ಹಳೆಯದು. 1913ರ ರಿಪನ್ ಕಟ್ಟಡದಲ್ಲಿರುವ ಅದರ ಸಭಾಂಗಣಕ್ಕೂ ಅಂಗವಿಕಲರು ನಾಮನಿರ್ದೇಶಿತ ಸದಸ್ಯರಾಗಿ ಹೋಗುವ ದಾರಿ ತೆರೆದದ್ದು 2025ರಲ್ಲಿ. ಆ ಏಪ್ರಿಲಿನಲ್ಲಿ ತಮಿಳುನಾಡು ವಿಧಾನಸಭೆ ಒಪ್ಪಿದ ತಿದ್ದುಪಡಿಗಳ ಪ್ರಕಾರ ನಗರ ಸಂಸ್ಥೆಗಳಿಗೆ ಸುಮಾರು 650 ಅಂಗವಿಕಲರನ್ನು, 12,913 ಗ್ರಾಮ ಪಂಚಾಯಿತಿಗಳಿಗೆ ತಲಾ ಒಬ್ಬರನ್ನು ನಾಮನಿರ್ದೇಶನ ಮಾಡಬೇಕು. ಅಲ್ಲಿಯವರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಅವರನ್ನು ಬೆರಳೆಣಿಕೆಯಲ್ಲಿ ಹುಡುಕಬೇಕಿತ್ತು.

ಕರ್ನಾಟಕದ ದಾರಿ ಬೇರೆ. ಇಲ್ಲಿ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಜನ ‘ವಿಆರ್‌ಡಬ್ಲ್ಯೂ’ ಎಂದೇ ಕರೆಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ‘ಎಂಆರ್‌ಡಬ್ಲ್ಯೂ’. ಮನೆಮನೆ ಸುತ್ತಿ ಅಂಗವಿಕಲರನ್ನು ಗುರುತಿಸುವುದು, ಅಂಗವೈಕಲ್ಯದ ಗುರುತಿನ ಯುಡಿಐಡಿ ಕಾರ್ಡಿಗೆ, ಪಿಂಚಣಿಗೆ, ತ್ರಿಚಕ್ರ ವಾಹನಕ್ಕೆ ಅರ್ಜಿ ತುಂಬಿಸುವುದು, ಸಾಲದ ಯೋಜನೆ ತಿಳಿಸುವುದು ಅವರ ಕೆಲಸ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಇತರರಿಗೆ ಉದ್ಯೋಗದ ದಾರಿ ತೋರಿಸುವ ಇವರು ತಾವು ಮಾತ್ರ ಗೌರವಧನದ ಮೇಲೆ ದುಡಿಯುತ್ತ, ನಮ್ಮನ್ನೂ ಕಾಯಂ ಮಾಡಿ ಎಂದು ಬೆಂಗಳೂರಿನಲ್ಲಿ ಹಲವು ಸಲ ಧರಣಿ ಕೂತಿದ್ದಾರೆ.