ನುಡಿಯುವ ಆಟಿಕೆ, ಬರೆಯುವ ಮಗು

ಆಟಿಕೆ ಪದವೊಂದನ್ನು ಉಚ್ಚರಿಸುತ್ತದೆ; ಮಗು ಅದರ ಅಕ್ಷರಗಳನ್ನು ಒಂದೊಂದಾಗಿ ಒತ್ತುತ್ತದೆ; ತಪ್ಪಿದರೆ ಆಟಿಕೆ ಬೇಸರಿಸದೆ ಮತ್ತೊಂದು ಅವಕಾಶ ಕೊಡುತ್ತದೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1978ರಲ್ಲಿ ಹೊರತಂದ 'ಸ್ಪೀಕ್ ಅಂಡ್ ಸ್ಪೆಲ್' ಇಂಥದು. ಮನುಷ್ಯಧ್ವನಿಯನ್ನು ಒಂದೇ ಚಿಪ್ಪಿನಿಂದ ಹೊರಡಿಸಿದ್ದು ಅದರ ಹಿರಿಮೆ. ಅದೇ ಸಂಸ್ಥೆ 1985ರಲ್ಲಿ ಬೆಂಗಳೂರು ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆಯಿತು.

'ನೈಫ್' ಎಂದು ಕೇಳಿದ ಮಗು ಮೊದಲಿಗೆ 'ಕೆ' ಒತ್ತಬೇಕೆಂದು ಊಹಿಸುವುದೆಂತು? ಇಂಗ್ಲಿಷಿನಲ್ಲಿ ಕಂಠಪಾಠವೇ ಗತಿ. ಕನ್ನಡದಲ್ಲಿಯಾದರೋ ಬಹುಮಟ್ಟಿಗೆ ನುಡಿದಂತೆ ಬರಹ. ತೊಡಕೆಲ್ಲ ಕಾಗುಣಿತ, ಒತ್ತಕ್ಷರಗಳಲ್ಲಿ. ಒತ್ತು ಬಿಟ್ಟರೆ 'ಹಳ್ಳಿ' 'ಹಳಿ'ಯಾಗುತ್ತದೆ! ಶಿವಾಜಿನಗರ, ಹಲಸೂರುಗಳಲ್ಲಿ ತಮಿಳು, ಉರ್ದು ಮನೆಮಾತಿನ ಮಕ್ಕಳಿಗಂತೂ ಶುದ್ಧ ಉಚ್ಚಾರ ಕಿವಿಗೆ ಬೀಳಲೇಬೇಕು.

ಕನ್ನಡದ ಆಟಿಕೆಗೆ ಬರಿಯ ಅಕ್ಷರಗಳ ಗುಂಡಿ ಸಾಲದು. 'ಕ'ಕಾರಕ್ಕೆ 'ಇ'ಕಾರ ಸೇರಿ 'ಕಿ' ಆಗುವುದನ್ನು ಅದು ಕಣ್ಣಿಗೆ ತೋರಿಸಬೇಕು, ಕಿವಿಗೆ ಕೇಳಿಸಬೇಕು. ಕೊಳ್ಳುವ ತಾಯ್ತಂದೆಯರು ಮೊದಲು ಪರೀಕ್ಷಿಸಬೇಕಾದುದು ಇದನ್ನೇ.