ಥೈರಾಯ್ಡ್ ರಕ್ತಪರೀಕ್ಷೆಯ ವೆಚ್ಚ: ಆರೋಗ್ಯ ಕಾರ್ಡ್ ಎಲ್ಲಿ ನೆರವಾಗುತ್ತದೆ, ಎಲ್ಲಿ ಇಲ್ಲ

ಮಾನ್ಯ ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ,

ಥೈರಾಯ್ಡ್ ತೊಂದರೆಯ ಅನುಮಾನದಿಂದ ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟಾಗ, ಕಮಲಾಪುರ ತಾಲ್ಲೂಕಿನ ಗ್ರಾಮಗಳಿಂದ ಆರೋಗ್ಯ ಕಾರ್ಡ್ ಹಿಡಿದು ಕಲಬುರಗಿ ನಗರದ ಖಾಸಗಿ ಪ್ರಯೋಗಾಲಯಕ್ಕೆ ಹೋದವರು ಅಲ್ಲಿ ಹಣ ಕೊಟ್ಟೇ ಪರೀಕ್ಷೆ ಮಾಡಿಸಬೇಕಾಗುತ್ತದೆ. ಐದು ಲಕ್ಷ ರೂಪಾಯಿಯ ಕಾರ್ಡ್ ಕೆಲವೇ ನೂರು ರೂಪಾಯಿಯ ಪರೀಕ್ಷೆಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆ ಸಹಜ. ಇದರ ಉತ್ತರವನ್ನೂ, ಖರ್ಚಿಲ್ಲದೆ ಪರೀಕ್ಷೆ ಮಾಡಿಸಿಕೊಳ್ಳುವ ಮಾರ್ಗವನ್ನೂ ಸದಸ್ಯರು ತಿಳಿದಿದ್ದರೆ ಅನೇಕ ಕುಟುಂಬಗಳಿಗೆ ಉಪಕಾರವಾಗುತ್ತದೆ.

ಪರೀಕ್ಷೆ ಯಾವುದು, ಏಕೆ?

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಟಿ3 ಮತ್ತು ಟಿ4 ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ಅದನ್ನು ನಿಯಂತ್ರಿಸುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಟಿಎಸ್‌ಎಚ್ ಹಾರ್ಮೋನು. ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಪ್ರಮಾಣ ಸಾಮಾನ್ಯವಾಗಿ ಏರುತ್ತದೆ. ಆದುದರಿಂದ ಹೆಚ್ಚಿನ ಸಂದರ್ಭಗಳಲ್ಲಿ ಮೊದಲ ಪರೀಕ್ಷೆಯಾಗಿ ಟಿಎಸ್‌ಎಚ್ ಒಂದೇ ಸಾಕಾಗುತ್ತದೆ. ಅದರಲ್ಲಿ ವ್ಯತ್ಯಾಸ ಕಂಡುಬಂದರೆ ವೈದ್ಯರು ಉಳಿದವನ್ನು ಬರೆಯುತ್ತಾರೆ.

ಗರ್ಭಿಣಿಯರ ವಿಷಯದಲ್ಲಿ ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಗರ್ಭಧಾರಣೆಯ ಆರಂಭದ ತಿಂಗಳುಗಳಲ್ಲಿ ಶಿಶುವಿನ ಮೆದುಳಿನ ಬೆಳವಣಿಗೆಯು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಹಣದ ಅಡಚಣೆಯಿಂದ ಪರೀಕ್ಷೆಯನ್ನು ಮುಂದೂಡಿದರೆ ಆ ಕಾಲ ಮರಳಿ ಬರುವುದಿಲ್ಲ.

ವಿಮೆ ಇಲ್ಲದಿದ್ದರೆ ವೆಚ್ಚವೆಷ್ಟು?

ಖಾಸಗಿ ಪ್ರಯೋಗಾಲಯಗಳಲ್ಲಿ ಟಿಎಸ್‌ಎಚ್ ಒಂದಕ್ಕೆ ಸುಮಾರು 200ರಿಂದ 400 ರೂಪಾಯಿ, ಮೂರೂ ಪರೀಕ್ಷೆಗಳು ಸೇರಿ ಸುಮಾರು 400ರಿಂದ 800 ರೂಪಾಯಿ ಆಗುವುದುಂಟು. ದರವು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ. ವೈದ್ಯರು ಒಂದು ಪರೀಕ್ಷೆ ಬರೆದಿದ್ದಲ್ಲಿ ಹತ್ತಾರು ಪರೀಕ್ಷೆಗಳ ಪ್ಯಾಕೇಜ್ ಒಪ್ಪಿಕೊಳ್ಳುವ ಅಗತ್ಯವಿಲ್ಲ.

ಇದು ಒಮ್ಮೆ ಮಾಡಿಸಿ ಮುಗಿಯುವ ಪರೀಕ್ಷೆಯಲ್ಲ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಗಳ ನಂತರ ಮರುಪರೀಕ್ಷೆ ಬೇಕು. ಪ್ರಮಾಣ ಸ್ಥಿರವಾದ ಮೇಲೆ ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ ಸಾಕು. ಮೊದಲ ವರ್ಷ ನಾಲ್ಕು ಬಾರಿ ಎಂದು ಲೆಕ್ಕ ಹಾಕಿದರೆ, 300 ರೂಪಾಯಿ ದರದಲ್ಲಿ 1,200 ರೂಪಾಯಿ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾಗಿದ್ದರೂ ದಿನದ ಕೂಲಿ ಹೋಗುತ್ತದೆ. 2025-26ರ ಉದ್ಯೋಗ ಖಾತರಿ ಕೂಲಿ ದರವಾದ 370 ರೂಪಾಯಿಯಂತೆ ನಾಲ್ಕು ದಿನಕ್ಕೆ 1,480 ರೂಪಾಯಿ. ಅಂದರೆ ಪರೀಕ್ಷೆಯ ಶುಲ್ಕಕ್ಕಿಂತ ಕಳೆದುಕೊಂಡ ಕೂಲಿಯೇ ಹೆಚ್ಚು. ಮರುಪರೀಕ್ಷೆಯನ್ನು ಜನರು ಕೈಬಿಡುವುದಕ್ಕೆ ಇದೂ ಒಂದು ಕಾರಣ.

ವಿಮೆ ಇದ್ದರೆ?

1. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ. ಆದರೆ ಇದು ಮುಖ್ಯವಾಗಿ ಒಳರೋಗಿಯಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗಾಗಿ ಇರುವ ಯೋಜನೆ. ಕೇವಲ ಪರೀಕ್ಷೆಗಾಗಿ ದಾಖಲಾದರೆ ಅದರ ವೆಚ್ಚವನ್ನು ಯೋಜನೆ ಭರಿಸುವುದಿಲ್ಲ. ಆದುದರಿಂದ "ದಾಖಲಾದರೆ ಪರೀಕ್ಷೆ ಪುಕ್ಕಟೆ" ಎಂದು ಯಾರಾದರೂ ಹೇಳಿದರೆ ಒಪ್ಪಬಾರದು.

2. ಯಶಸ್ವಿನಿ: ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022-23ರಲ್ಲಿ ಮರುಜಾರಿಯಾದ ಯೋಜನೆ. ಇದು ಕೂಡ ಪಟ್ಟಿಯಲ್ಲಿರುವ ಆಸ್ಪತ್ರೆ ಚಿಕಿತ್ಸೆಗಳಿಗೆ ಸಂಬಂಧಿಸಿದ್ದು. ಬಿಡಿ ರಕ್ತಪರೀಕ್ಷೆಗೆ ಇದನ್ನು ನೆಚ್ಚಿಕೊಳ್ಳಲಾಗದು.

3. ಇಎಸ್ಐ: ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ ನೋಂದಾಯಿತ ಕಾರ್ಮಿಕರು ಶೇ. 0.75ರಷ್ಟು ವಂತಿಗೆ ನೀಡುತ್ತಾರೆ. ಇಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ಪರೀಕ್ಷೆಗಳೂ ಸೇರಿವೆ; ಅವಲಂಬಿತ ಕುಟುಂಬದವರಿಗೂ ಈ ಸೌಲಭ್ಯವಿದೆ. ಗ್ರಾಮದ ಯಾರಾದರೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ಅವರ ಬಳಿ ಇಎಸ್ಐ ಸಂಖ್ಯೆ ಇದೆಯೇ ಎಂದು ಮೊದಲು ವಿಚಾರಿಸುವುದು ಲೇಸು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್ಐಸಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ.

4. ಖಾಸಗಿ ವಿಮೆ: ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಮುಂಚಿನ 30 ದಿನ ಹಾಗೂ ನಂತರದ 60 ದಿನಗಳ ಪರೀಕ್ಷೆಗಳನ್ನು, ಅವು ಅದೇ ಕಾಯಿಲೆಗೆ ಸಂಬಂಧಿಸಿದ್ದರೆ ಮಾತ್ರ, ಭರಿಸುತ್ತದೆ. ಹೊರರೋಗಿ ಸೌಲಭ್ಯವನ್ನು ಪ್ರತ್ಯೇಕವಾಗಿ ಪಡೆದಿರಬೇಕು.

ಖರ್ಚಿಲ್ಲದ ಮಾರ್ಗ

ಒಟ್ಟಿನಲ್ಲಿ, ಬಹುಪಾಲು ಕುಟುಂಬಗಳಿಗೆ ಈ ಪರೀಕ್ಷೆಯ ದಾರಿ ವಿಮೆಯಲ್ಲ, ಸರ್ಕಾರಿ ಆಸ್ಪತ್ರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಚಿತ ರೋಗಪತ್ತೆ ಸೇವೆಯು 2015ರಲ್ಲಿ ಆರಂಭವಾಯಿತು. ಅದರ ಮಾರ್ಗಸೂಚಿಯು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63, ಸಮುದಾಯ ಆರೋಗ್ಯ ಕೇಂದ್ರಕ್ಕೆ 97, ಜಿಲ್ಲಾ ಆಸ್ಪತ್ರೆಗೆ 134 ಪರೀಕ್ಷೆಗಳನ್ನು ಗೊತ್ತುಪಡಿಸಿದೆ. ಗರ್ಭಿಣಿಯರಿಗೂ, ಒಂದು ವರ್ಷದೊಳಗಿನ ಅನಾರೋಗ್ಯಪೀಡಿತ ಶಿಶುಗಳಿಗೂ ಸರ್ಕಾರಿ ಸಂಸ್ಥೆಗಳಲ್ಲಿ ಅಗತ್ಯ ಪರೀಕ್ಷೆಗಳು ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಅಂದೇ ವೈದ್ಯರಲ್ಲಿ ಥೈರಾಯ್ಡ್ ವಿಷಯ ಕೇಳಬಹುದು.

ಮೊದಲು ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಅಲ್ಲಿ ಆಗದಿದ್ದರೆ ಶಿಫಾರಸು ಚೀಟಿ ಪಡೆದು ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಬೇಕು. ಪಡಿತರ ಚೀಟಿ, ಆಧಾರ್ ಮತ್ತು ಹಿಂದಿನ ವರದಿ ಜೊತೆಗಿರಲಿ. ಟಿಎಸ್‌ಎಚ್ ಪರೀಕ್ಷೆಗೆ ಉಪವಾಸ ಸಾಮಾನ್ಯವಾಗಿ ಬೇಕಿಲ್ಲ. ಮಾತ್ರೆ ಸೇವಿಸುವವರು ರಕ್ತ ಕೊಟ್ಟ ನಂತರ ಆ ದಿನದ ಮಾತ್ರೆ ತೆಗೆದುಕೊಳ್ಳುವುದು ಉತ್ತಮ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

- ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯಲ್ಲಿ, ಥೈರಾಯ್ಡ್ ಮಾತ್ರೆ ಸೇವಿಸುತ್ತಿರುವವರ ಹಾಗೂ ಮರುಪರೀಕ್ಷೆ ಬಾಕಿಯಿರುವವರ ಬಗ್ಗೆ ಆಶಾ ಕಾರ್ಯಕರ್ತೆಯರೊಂದಿಗೆ ಚರ್ಚಿಸುವುದು. ವ್ಯಕ್ತಿಗಳ ಆರೋಗ್ಯ ವಿವರ ಸಭೆಯಲ್ಲಿ ಬಹಿರಂಗವಾಗದಂತೆ ಎಚ್ಚರ ವಹಿಸುವುದು.
- ಹಾರ್ಮೋನು ಪರೀಕ್ಷೆಗೆ ರಕ್ತ ಸಂಗ್ರಹಿಸುವ ದಿನ ಮತ್ತು ವೇಳೆಯನ್ನು ವೈದ್ಯಾಧಿಕಾರಿಯಿಂದ ತಿಳಿದು ಪಂಚಾಯತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಜನರು ಎರಡು ದಿನದ ಕೂಲಿ ಕಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ.
- ಖಾಸಗಿ ಪ್ರಯೋಗಾಲಯಗಳೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ವ್ಯಾಪ್ತಿಗೆ ಬರುತ್ತವೆ. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಪರೀಕ್ಷೆಗೆ ಮುನ್ನ ದರ ಕೇಳುವಂತೆಯೂ, ರಸೀದಿ ಪಡೆಯುವಂತೆಯೂ ಗ್ರಾಮ ಸಭೆಯಲ್ಲಿ ತಿಳಿಸುವುದು. ದೂರುಗಳಿದ್ದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಬಹುದು.
- ಯೋಜನೆಯ ಸಂದೇಹಗಳಿಗೆ 14555, ಆರೋಗ್ಯ ಸಲಹೆಗೆ 104 ಸಂಖ್ಯೆಗೆ ಕರೆ ಮಾಡುವಂತೆ ತಿಳಿಸುವುದು.

ಕಾರ್ಡ್ ಮಾಡಿಸಿಕೊಡುವುದರ ಜೊತೆಗೆ ಅದು ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದನ್ನು ತಿಳಿಸುವುದೂ ಜನಪ್ರತಿನಿಧಿಗಳ ಹೊಣೆ. ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡಬೇಕೆಂದು ಸದಸ್ಯರಲ್ಲಿ ಕೋರಲಾಗಿದೆ.