ಇಂಜಿನ್ನಿನ ಕೀಲೆಣ್ಣೆ: ಯಾವುದನ್ನು ಕೊಳ್ಳಬೇಕು, ಎಂದು ಬದಲಿಸಬೇಕು?

ನಮ್ಮ ರೈತರು ಬೀಜ ಕೊಳ್ಳುವಾಗ ತಳಿಯ ಹೆಸರನ್ನು ವಿಚಾರಿಸುತ್ತಾರೆ. ಗೊಬ್ಬರ ಕೊಳ್ಳುವಾಗ ಚೀಲದ ಮೇಲೆ ಬರೆದ ಸಾರಜನಕ, ರಂಜಕ ಮತ್ತು ಪೊಟ್ಯಾಷಿನ ಅಂಕೆಗಳನ್ನು ಓದುತ್ತಾರೆ. ಆದರೆ ಟ್ರಾಕ್ಟರಿಗೋ ಪಂಪ್‌ಸೆಟ್ಟಿಗೋ ಕೀಲೆಣ್ಣೆ ಬೇಕಾದಾಗ ಮಾತ್ರ "ಒಂದು ಡಬ್ಬಿ ಆಯಿಲ್ ಕೊಡಿ" ಎಂದು ಕೇಳಿ, ಅಂಗಡಿಯವನು ಕೈಗೆ ಇಟ್ಟದ್ದನ್ನು ತಂದು ಸುರಿಯುತ್ತಾರೆ. ಬದಲಿಸುವುದು ಯಾವಾಗ ಎಂದರೆ "ಕಪ್ಪಾದಾಗ" ಎನ್ನುವವರೇ ಹೆಚ್ಚು.

ನಾನು ಬೇಸಾಯ ಶಾಸ್ತ್ರದವನು. ಯಂತ್ರ ಬಿಚ್ಚಿ ಜೋಡಿಸುವ ವಿದ್ಯೆ ನನ್ನದಲ್ಲ. ಆದರೂ ಈ ವಿಷಯವನ್ನು ಬರೆಯಲು ಹೊರಟಿರುವುದು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ. ನವಲಗುಂದ ಸೀಮೆಯ ಎರೆ ಹೊಲದಲ್ಲಿ ನನ್ನ ಅಣ್ಣ ಬೇಸಾಯ ಮಾಡುತ್ತಾನೆ. ಅವನಲ್ಲಿ 45 ಅಶ್ವಶಕ್ತಿಯ ಟ್ರಾಕ್ಟರ್ ಇದೆ. ಅದನ್ನು ಕೊಂಡಾಗ ಕೀಲೆಣ್ಣೆಯ ವಿಷಯದಲ್ಲಿ ಅವನಿಗೆ ಉಪದೇಶ ಮಾಡಿದವನು ನಾನೇ. ಪ್ರತಿ 250 ಗಂಟೆಗೆ ತಪ್ಪದೆ ಬದಲಿಸು, ದುಡ್ಡು ಹೆಚ್ಚಾದರೂ ಒಳ್ಳೆಯದನ್ನೇ ಹಾಕು ಎಂದಿದ್ದೆ. ಅವನು ಅಕ್ಷರಶಃ ಹಾಗೆಯೇ ಮಾಡಿದ; ದಿನಾಂಕ ಮತ್ತು ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಟ್ಟ.

2018ರ ಜೂನ್ ತಿಂಗಳಲ್ಲಿ ಮೃಗಶಿರ ಮಳೆ ಬಿದ್ದು ಹೆಸರು ಬಿತ್ತನೆಗೆ ಹದ ಬಂದ ವಾರದಲ್ಲೇ ಆ ಟ್ರಾಕ್ಟರ್ ಕೈಕೊಟ್ಟಿತು. ಅದಕ್ಕೆ ಮೊದಲೇ ವಾರಕ್ಕೆ ಒಂದು ಲೀಟರಿನಷ್ಟು ಎಣ್ಣೆ ಕುಡಿಯುತ್ತಿತ್ತು, ನೀಲಿ ಹೊಗೆ ಬಿಡುತ್ತಿತ್ತು. ಬಿಚ್ಚಿ ನೋಡಿದಾಗ ಸಿಲಿಂಡರುಗಳ ಒಳಮೈ ಮೇಲ್ಭಾಗದಲ್ಲಿ ಬೆರಳಿಗೆ ತಾಗುವಷ್ಟು ಸವೆದಿತ್ತು. ಗಂಟೆ ತೋರಿಸುವ ಗಡಿಯಾರ ಇನ್ನೂ 2000 ಮುಟ್ಟಿರಲಿಲ್ಲ. ಮೇಸ್ತ್ರಿ ಮೊದಲು ಎಣ್ಣೆಯನ್ನೇ ಬೈದ. ಆಮೇಲೆ ಗಾಳಿ ಶೋಧಕದಿಂದ ಇಂಜಿನ್ನಿಗೆ ಹೋಗುವ ರಬ್ಬರು ಕೊಳವೆಯನ್ನು ಕಳಚಿದ. ಅದರ ಕೆಳಬದಿಯಲ್ಲಿ, ಪಟ್ಟಿ ಬಿಗಿದ ಜಾಗದಲ್ಲಿ, ಕಿರುಬೆರಳಿನಷ್ಟು ಉದ್ದದ ಸೀಳು. ಒಳಗೆ ಬೆರಳಾಡಿಸಿದರೆ ನಮ್ಮದೇ ಹೊಲದ ಮಣ್ಣು.

ಬಿಡಿಭಾಗ ಬಂದು, ಲೇತ್ ಕೆಲಸ ಮುಗಿದು, ಟ್ರಾಕ್ಟರ್ ಮನೆಗೆ ಬರಲು 19 ದಿನ ಹಿಡಿಯಿತು. ಬಾಡಿಗೆಯ ಟ್ರಾಕ್ಟರ್ ನಮ್ಮ ಸರದಿಗೆ ಬರುವ ಹೊತ್ತಿಗೆ ಬಿತ್ತನೆ 12 ದಿನ ಹಿಂದೆ ಬಿದ್ದಿತ್ತು. ಹೆಸರು ತಡವಾದರೆ ಕೊಯ್ಲು ತಡ; ಕೊಯ್ಲು ತಡವಾದರೆ ಹಿಂಗಾರಿ ಕಡಲೆಗೆ ಹೊಲ ಸಿಗುವುದೂ ತಡ. ಎರೆ ಭೂಮಿಯಲ್ಲಿ ಕಡಲೆ ಬೆಳೆಯುವುದು ನೆಲದಲ್ಲಿ ಉಳಿದ ತೇವದ ಮೇಲೆ ಎಂಬುದು ಅಲ್ಲಿಯ ರೈತರಿಗೆ ನಾನು ಹೇಳಿಕೊಡಬೇಕಾದದ್ದಲ್ಲ. ಆ ವರ್ಷ ಮೇಸ್ತ್ರಿಗೆ ಕೊಟ್ಟ ಹಣಕ್ಕಿಂತ ಎರಡು ಬೆಳೆಗಳಲ್ಲಿ ಕಳೆದುಕೊಂಡದ್ದೇ ಅಣ್ಣನಿಗೆ ಹೆಚ್ಚು ಭಾರವಾಯಿತು.

ಧೂಳು ಮಾಡುವ ಕೆಲಸ

ಇಂಜಿನ್ನಿನೊಳಗೆ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಕೀಲೆಣ್ಣೆಯ ತೆಳುವಾದ ಪೊರೆ. ಅದಲ್ಲದೆ ಎಣ್ಣೆಯು ಪಿಸ್ಟನ್ನಿನ ಕಾವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತೊಳೆಯುತ್ತದೆ, ಉಂಗುರಗಳ ಸಂದನ್ನು ಮುಚ್ಚುತ್ತದೆ, ತುಕ್ಕು ತಡೆಯುತ್ತದೆ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ, ಈ ಪೊರೆ ಇರುವುದು ಕೆಲವೇ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಇನ್ನು ನನ್ನ ಶಾಸ್ತ್ರದ ಮಾತು. ಮಣ್ಣು ಪರೀಕ್ಷೆಯಲ್ಲಿ 2 ಮೈಕ್ರಾನಿಗಿಂತ ಸಣ್ಣ ಕಣವನ್ನು ಜೇಡಿ ಎಂದೂ 2ರಿಂದ 20 ಮೈಕ್ರಾನಿನ ಕಣವನ್ನು ರೇವೆ ಎಂದೂ ಲೆಕ್ಕ ಹಾಕುತ್ತೇವೆ. ಒಣ ಹೊಲದಲ್ಲಿ ರೋಟವೇಟರ್ ಎಬ್ಬಿಸುವ ಧೂಳಿನಲ್ಲಿ ಈ ರೇವೆ ಧಾರಾಳವಾಗಿರುತ್ತದೆ, ಅದರಲ್ಲಿ ಬೆಣಚುಕಲ್ಲಿನ ಪುಡಿಯೂ ಸೇರಿರುತ್ತದೆ. ಬೆಣಚು ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಡಸು. ಎಣ್ಣೆಯ ಪೊರೆಗಿಂತ ದಪ್ಪವಾದ, ಲೋಹಕ್ಕಿಂತ ಗಡಸಾದ ಕಣವೊಂದು ಉಂಗುರಕ್ಕೂ ಸಿಲಿಂಡರಿಗೂ ನಡುವೆ ಸಿಕ್ಕರೆ ಎಷ್ಟು ಬೆಲೆಯ ಎಣ್ಣೆಯೂ ಅದನ್ನು ತಡೆಯಲಾರದು. ಅದು ಸಾಣೆಕಲ್ಲಿನಂತೆ ತೇಯುತ್ತಲೇ ಇರುತ್ತದೆ.

ಆದುದರಿಂದ ಎಣ್ಣೆಗೆ ಖರ್ಚು ಮಾಡುವ ಮೊದಲು ಗಾಳಿ ಶೋಧಕದ ಕಡೆ ಗಮನ ಕೊಡಬೇಕು. ಎಣ್ಣೆ ಬಟ್ಟಲಿನ ಶೋಧಕವಾದರೆ ಒಣ ಉಳುಮೆ ಮತ್ತು ರಾಶಿಯ ದಿನಗಳಲ್ಲಿ ಪ್ರತಿದಿನ ಬಟ್ಟಲು ಕಳಚಿ ನೋಡಿ. ತಳದಲ್ಲಿ ಸುಮಾರು 1 ಸೆಂಟಿಮೀಟರ್ ಕೆಸರು ಕೂತಿದ್ದರೆ ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಕಾಗದದ ಶೋಧಕವಾದರೆ ಅದನ್ನು ಟೈರಿಗೆ ಬಡಿದು ಕೊಡಹುವ ಅಭ್ಯಾಸ ಬಿಡಬೇಕು. ಕಣ್ಣಿಗೆ ಕಾಣದ ಹರಿವು ಒಂದು ಬಿದ್ದರೂ ಶೋಧಕ ಇದ್ದೂ ಇಲ್ಲದಂತೆ. ಕೊಳವೆಯ ಪಟ್ಟಿಗಳನ್ನು ವಾರಕ್ಕೊಮ್ಮೆ ಬಿಗಿದು, ಕೊಳವೆಯ ಕೆಳಬದಿಗೂ ಕೈಯಾಡಿಸಿ. ನಾವು ನೋಡದೆ ಬಿಟ್ಟದ್ದು ಆ ಕೆಳಬದಿಯನ್ನೇ.

ಡಬ್ಬಿಯ ಮೇಲಿನ ಬರಹ

ಡಬ್ಬಿಯ ಮೇಲೆ ಓದಬೇಕಾದದ್ದು ಎರಡು ಸಂಗತಿ. ಒಂದು ಎಣ್ಣೆಯ ಗಡುಸುತನ, ಅಂದರೆ ಅದು ಎಷ್ಟು ಮಂದ ಎಂಬುದು. ಎಸ್.ಎ.ಇ. 20ಡಬ್ಲ್ಯೂ-40, 15ಡಬ್ಲ್ಯೂ-40 ಎಂದು ಬರೆದಿರುತ್ತದೆ. ಡಬ್ಲ್ಯೂ ಅಕ್ಷರದ ಹಿಂದಿನ ಅಂಕೆ ಚಳಿಗಾಲಕ್ಕೆ ಸಂಬಂಧಿಸಿದ್ದು. ಅದನ್ನು ಅಳೆಯುವುದು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ. ಮುಂದಿನ 40 ಎಂಬ ಅಂಕೆ 100 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ತಿಳಿಸುತ್ತದೆ. ಇಂಜಿನ್ ದುಡಿಯುವಾಗ ಬೇಕಾದದ್ದು ಈ ಎರಡನೆಯದು. ಮೇಲೆ ಹೇಳಿದ ಎರಡೂ ಎಣ್ಣೆಗಳಲ್ಲಿ ಅದು ಒಂದೇ. ಬೀದರಿನ ಮಾಗಿ ಚಳಿಯಾಗಲಿ ರಾಯಚೂರಿನ ಬೇಸಿಗೆಯಾಗಲಿ, ಹಿಂದಿನ ಅಂಕೆ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ರೈತ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ನಿಧಾನವಾಗಿ ಓಡುವ ಹಳೆಯ ಲಿಸ್ಟರ್ ಮಾದರಿಯ ಪಂಪ್‌ಸೆಟ್ಟುಗಳಿಗೆ ಬರಿ 30 ಅಥವಾ 40 ಎಂದು ಒಂದೇ ಅಂಕೆಯಿರುವ ಎಣ್ಣೆಯೂ ನಡೆಯುತ್ತದೆ.

ಎರಡನೆಯದೇ ಮುಖ್ಯ, ರೈತರು ಓದದೆ ಬಿಡುವುದೂ ಅದನ್ನೇ. ಎ.ಪಿ.ಐ. ಎಂಬ ಅಕ್ಷರಗಳ ಮುಂದೆ ಸಿ.ಸಿ., ಸಿ.ಡಿ., ಸಿ.ಎಫ್.-4, ಸಿ.ಎಚ್.-4, ಸಿ.ಐ.-4 ಎಂದು ಮುಂತಾಗಿ ಇರುತ್ತದೆ. ಮೊದಲ ಅಕ್ಷರ 'ಸಿ' ಇದ್ದರೆ ಡೀಸೆಲ್ ಇಂಜಿನ್ನಿಗೆ, 'ಎಸ್' ಇದ್ದರೆ ಪೆಟ್ರೋಲ್ ಇಂಜಿನ್ನಿಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಮಸಿಯನ್ನು ತಡೆಯುವ, ಆಮ್ಲವನ್ನು ಮುರಿಯುವ ಶಕ್ತಿ ಸಾಮಾನ್ಯವಾಗಿ ಹೆಚ್ಚು. ಸಿ.ಸಿ. ಮತ್ತು ಸಿ.ಡಿ. ದರ್ಜೆಗಳು ಬಹಳ ಹಿಂದಿನವು. ಅವುಗಳನ್ನು ರೂಪಿಸಿದ ಸಂಸ್ಥೆಯೇ ಅವು ಬಳಕೆಯಿಂದ ಹೋದವು ಎಂದು ಸಾರಿದೆ. 2002ರಲ್ಲಿ ಬಂದ ಸಿ.ಐ.-4 ದರ್ಜೆಯ ಎಣ್ಣೆಯನ್ನು ಅದಕ್ಕಿಂತ ಹಿಂದಿನ ಸಿ.ಡಿ., ಸಿ.ಎಫ್.-4, ಸಿ.ಎಚ್.-4 ಕೇಳುವ ಇಂಜಿನ್ನುಗಳಿಗೂ ಹಾಕಬಹುದು. ಹೊಸದನ್ನು ಕೇಳುವ ಇಂಜಿನ್ನಿಗೆ ಹಳೆಯದನ್ನು ಹಾಕಬಾರದು.

ಕೈಪಿಡಿ ಹೇಳಿದ ಅಂಕೆ ಮತ್ತು ಅಕ್ಷರ ಎರಡೂ ತಾಳೆಯಾದರೆ ಯಾವ ಹೆಸರಾಂತ ತಯಾರಕರ ಎಣ್ಣೆಯಾದರೂ ಸರಿ. ಬ್ರಾಂಡಿನ ಬಗ್ಗೆ ಕಟ್ಟೆಯ ಮೇಲೆ ನಡೆಯುವ ವಾದಗಳಿಗೆ ನಾನು ಬೆಲೆ ಕೊಡುವುದಿಲ್ಲ. ಆದರೆ ಬಾಯಿ ತೆರೆದ ಡಬ್ಬಿಯದು, ಪೀಪಾಯಿಯಿಂದ ಅಳೆದು ಕೊಟ್ಟದ್ದು ಬೇಡ. ಹಳೆಯ ಎಣ್ಣೆಯನ್ನು ಸೋಸಿ ಮತ್ತೆ ಮಾರುವವರೂ ಇದ್ದಾರೆ. ಬಟ್ಟೆಯಲ್ಲಿ ಸೋಸಿದರೆ ಮಸಿಯೂ ಹೋಗುವುದಿಲ್ಲ, ಆಮ್ಲವೂ ಹೋಗುವುದಿಲ್ಲ.

50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ನಿಯಮ ಬಿಗಿಯಾಗಿದೆ. ಅಂಥವುಗಳಲ್ಲಿ ಹೊಗೆ ಕೊಳವೆಗೆ ಮಸಿ ಹಿಡಿಯುವ ಶೋಧಕವಿದ್ದರೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಅವುಗಳ ಮಟ್ಟಿಗೆ ಕೈಪಿಡಿಯನ್ನು ಬಿಟ್ಟು ಆಚೀಚೆ ಹೋಗುವುದೇ ಬೇಡ.

ಎಷ್ಟು ಗಂಟೆಗೆ ಬದಲಿಸಬೇಕು?

ಬಣ್ಣವನ್ನು ನೋಡಿ ತೀರ್ಮಾನಿಸಬೇಡಿ. ಒಳ್ಳೆಯ ಡೀಸೆಲ್ ಎಣ್ಣೆ ಹಾಕಿದ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತಾನು ಹೊತ್ತುಕೊಳ್ಳುವುದು ಅದರ ಕೆಲಸವೇ ಆಗಿದೆ. ಬಹುಕಾಲ ಬಂಗಾರದ ಬಣ್ಣ ಉಳಿಸಿಕೊಂಡ ಎಣ್ಣೆಯನ್ನೇ ಅನುಮಾನಿಸಬೇಕು.

ಗಂಟೆಯ ಲೆಕ್ಕವೇ ಸರಿಯಾದ ಲೆಕ್ಕ. ಹೊಸ ಟ್ರಾಕ್ಟರಿಗೆ ಸಾಮಾನ್ಯವಾಗಿ ಮೊದಲ 50 ಗಂಟೆಗೆ, ಆಮೇಲೆ ಪ್ರತಿ 250 ಗಂಟೆಗೆ ಎಂದು ಬಹಳಷ್ಟು ಕೈಪಿಡಿಗಳಲ್ಲಿದೆ. ಹೊಸ ಮಾದರಿಗಳು ಕೆಲವು ಇನ್ನೂ ಹೆಚ್ಚು ಗಂಟೆ ಹೇಳುತ್ತವೆ. ಗಡುವು ಹೀಗೆ ಉದ್ದವಾಗಲು ಡೀಸೆಲ್ ಶುದ್ಧವಾದದ್ದೂ ಒಂದು ಕಾರಣ. ಡೀಸೆಲಿನಲ್ಲಿರುವ ಗಂಧಕವು ಉರಿದು, ಆವಿಯೊಡನೆ ಕೂಡಿ ಗಂಧಕಾಮ್ಲವಾಗಿ ಎಣ್ಣೆಯನ್ನು ಕೆಡಿಸುತ್ತದೆ. 1980ರ ಸುಮಾರಿನಲ್ಲಿ ನಮ್ಮ ಡೀಸೆಲಿನಲ್ಲಿ ಗಂಧಕ ಶೇಕಡಾ 1ರವರೆಗೂ ಇರಬಹುದಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದಿರುವ ಡೀಸೆಲಿನಲ್ಲಿ ಅದು ಹತ್ತು ಲಕ್ಷ ಪಾಲಿಗೆ 10 ಪಾಲು ಮೀರುವಂತಿಲ್ಲ. ಅಂದರೆ ಹಿಂದಿನ ಸಾವಿರದ ಒಂದಂಶ. ಹೊಲದ ಧೂಳು ಮಾತ್ರ ಅಂದಿನಂತೆಯೇ ಇದೆ. ಆದುದರಿಂದ ಬೇಸಿಗೆಯ ಒಣ ಉಳುಮೆ, ರೋಟವೇಟರ್, ಒಕ್ಕಣೆ ಯಂತ್ರಗಳಿಗೇ ಟ್ರಾಕ್ಟರ್ ಹೆಚ್ಚಾಗಿ ದುಡಿದರೆ ಕೈಪಿಡಿಯ ಗಡುವನ್ನು ಅರ್ಧಕ್ಕೆ ಇಳಿಸುವುದು ಕ್ಷೇಮ ಎಂದು ನನ್ನ ಅಭಿಪ್ರಾಯ. ರಸ್ತೆಯಲ್ಲಿ ಕಬ್ಬಿನ ಗಾಡಿ ಎಳೆಯುವ ಟ್ರಾಕ್ಟರಿಗೆ ಈ ಮಾತು ಅನ್ವಯಿಸದು.

ಗಂಟೆಯ ಗಡಿಯಾರ ಕೆಟ್ಟು ವರ್ಷಗಳಾದವು ಎನ್ನುವವರು ಬಹಳ. ಅಂಥವರು ಡೀಸೆಲಿನ ಲೆಕ್ಕ ಇಡಲಿ. 40-45 ಅಶ್ವಶಕ್ತಿಯ ಟ್ರಾಕ್ಟರ್ ಸಾಧಾರಣ ಕೆಲಸದಲ್ಲಿ ಗಂಟೆಗೆ 4 ಲೀಟರ್ ಉರಿಸಿದರೆ 1000 ಲೀಟರಿಗೆ 250 ಗಂಟೆ ಆಯಿತು. ಸಾವಿರ ಲೀಟರ್ ಡೀಸೆಲಿಗೆ ಒಮ್ಮೆ ಏಳೆಂಟು ಲೀಟರ್ ಎಣ್ಣೆ. ನಿಮ್ಮ ಊರಿನ ದರದಲ್ಲಿ ಎರಡನ್ನೂ ಗುಣಿಸಿ ಪಕ್ಕಪಕ್ಕದಲ್ಲಿ ಬರೆದು ನೋಡಿ. ಉಳಿತಾಯ ಮಾಡಬೇಕಾದ ಜಾಗ ಎಣ್ಣೆಯಲ್ಲ ಎಂದು ಗೊತ್ತಾಗುತ್ತದೆ. 5 ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ಟು ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಉರಿಸುವುದರಿಂದ ಅದರ ಲೆಕ್ಕ ಇನ್ನೂ ಸುಲಭ.

ಗಡುವಿಗೆ ಮೊದಲೇ ಬದಲಿಸಬೇಕಾದ ಸಂದರ್ಭಗಳೂ ಉಂಟು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾದರೆ ನೀರು ಸೇರಿದೆ. ಅನುಮಾನವಿದ್ದರೆ ಬಿಸಿ ತಗಡಿನ ಮೇಲೆ ಒಂದು ತೊಟ್ಟು ಬಿಡಿ, ಚಟಪಟ ಸಿಡಿದರೆ ನೀರೇ. ಅಳತೆ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿದ್ದರೆ ಸಂತೋಷಪಡಬೇಡಿ. ಡೀಸೆಲೋ ನೀರೋ ಒಳಗೆ ಇಳಿಯುತ್ತಿದೆ. ಇವೆರಡರಲ್ಲಿ ಯಾವುದಾದರೂ ಕಂಡರೆ ಇಂಜಿನ್ ನಿಲ್ಲಿಸಿ ಕಾರಣ ಹುಡುಕಿಸಬೇಕು, ಬರಿ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಇನ್ನೊಂದು ಸುಲಭ ಪರೀಕ್ಷೆಯೆಂದರೆ ಒತ್ತುಕಾಗದದ ಮೇಲೆ ಒಂದು ತೊಟ್ಟು ಹಾಕಿ ಒಂದು ರಾತ್ರಿ ಬಿಡುವುದು. ಮಸಿ ಸುತ್ತಲೂ ನಿಧಾನವಾಗಿ ಹರಡಿದ್ದರೆ ಎಣ್ಣೆಯಲ್ಲಿ ಇನ್ನೂ ಕಸುವಿದೆ. ನಡುವೆ ಗಟ್ಟಿ ಕಪ್ಪು ಬೊಟ್ಟಾಗಿ ನಿಂತು ಅಂಚು ಕತ್ತರಿಸಿದಂತಿದ್ದರೆ ಅದರ ಕೆಲಸ ಮುಗಿಯಿತು.

ಬದಲಿಸುವುದು ಇಂಜಿನ್ ಬೆಚ್ಚಗಿರುವಾಗ, ಸಮತಟ್ಟಾದ ಜಾಗದಲ್ಲಿ. ತಿರುಪು ಬಿಚ್ಚಿದಾಗ ಅದರ ತುದಿಗೆ ಲೋಹದ ಚೂರು ಹತ್ತಿದೆಯೇ ನೋಡಿ. ಎಣ್ಣೆಯ ಶೋಧಕವನ್ನೂ ಜೊತೆಯಲ್ಲೇ ಬದಲಿಸಿ. ಹೊಸ ಎಣ್ಣೆಗೆ ಹಳೆ ಶೋಧಕವೆಂದರೆ ತೊಳೆಯದ ಗಡಿಗೆಗೆ ಹಾಲು ಕರೆದಂತೆ. ಕಡ್ಡಿಯ ಮೇಲಿನ ಗುರುತು ಮೀರಿ ತುಂಬಬಾರದು. ನೊರೆಯೆದ್ದ ಎಣ್ಣೆ ಪೊರೆಯಾಗಿ ನಿಲ್ಲುವುದಿಲ್ಲ.

ಪಂಪ್‌ಸೆಟ್ಟಿನ ವಿಷಯದಲ್ಲಿ ಒಂದು ಮಾತು ಉಳಿದಿದೆ. ಮಳೆಗಾಲದಲ್ಲಿ ಅದನ್ನು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸುವುದುಂಟು. ಹಳೆಯ ಎಣ್ಣೆಯಲ್ಲಿರುವ ಆಮ್ಲ ಮತ್ತು ತೇವ ಆ ದಿನಗಳಲ್ಲಿ ಬೇರಿಂಗುಗಳನ್ನು ತಿನ್ನುತ್ತವೆ. ಆದುದರಿಂದ ಮತ್ತೆ ಹೂಡುವಾಗ ಬದಲಿಸೋಣ ಎಂದಿರದೆ, ನಿಲ್ಲಿಸುವ ಮೊದಲೇ ಹೊಸ ಎಣ್ಣೆ ಹಾಕಿ ಐದು ನಿಮಿಷ ಓಡಿಸಿ ಇಡಬೇಕು. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಾವಣೆ ಆಗಲೇಬೇಕು.

ತೆಗೆದ ಎಣ್ಣೆಯನ್ನು ಎತ್ತಿನ ಗಾಯಕ್ಕೆ, ಉಣ್ಣೆ ಹಿಡಿದ ದನಗಳ ಮೈಗೆ ಹಚ್ಚುವುದನ್ನು ಈಗಲೂ ನೋಡುತ್ತೇನೆ. ಅದರಲ್ಲಿ ಲೋಹಗಳೂ ಅರ್ಬುದ ತರುವ ವಸ್ತುಗಳೂ ಇರುತ್ತವೆ. ದನ ಮೈ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತದೆ. ಬದುವಿಗೆ, ಕಾಲುವೆಗೆ, ಬಾವಿಯ ಬಳಿ ಚೆಲ್ಲಬಾರದು. ನಮ್ಮ ಅಣ್ಣ 20 ಲೀಟರಿನ ಮುಚ್ಚಳದ ಡಬ್ಬಿಯೊಂದರಲ್ಲಿ ತುಂಬಿಟ್ಟು, ಎರಡು ಬದಲಾವಣೆ ಕೂಡಿದ ಮೇಲೆ, ಹಳೆಯ ಎಣ್ಣೆಯನ್ನು ಸಂಸ್ಕರಿಸಲು ಪರವಾನಗಿ ಪಡೆದವರಿಗೆ ಒಪ್ಪಿಸುವ ಸರ್ವಿಸ್ ಕೇಂದ್ರಕ್ಕೆ ಕೊಟ್ಟು ಬರುತ್ತಾನೆ.